ಹೊಳೆ ದಾಟುವ ಮೊದಲಿನ ಕೂಗು

"ಮಾಮಾ, ನಾನು ಏನು ತಪ್ಪು ಮಾಡಿರ್ಬೋದು?" ಎಂದು ಹಿಲ್ಡಾ ಕೆಸುವಿನ ಗೆಡ್ಡೆ ಹೆರೆಯುತ್ತ ಕೇಳಿದಾಗ ಟೊವಾಲಾನ ಬಾಯಿ ತುಂಬ ಅಡಿಕೆ ಇತ್ತು. ಉತ್ತರ ಕೊಡದಿರುವುದಕ್ಕೆ ಅಷ್ಟು ನೆಪ ಸಾಕಾಯಿತು. ಎದ್ದು ಬೇಲಿಯಾಚೆ ಉಗಿದು, ಹಂದಿಗೆ ಸಿಪ್ಪೆ ಹಾಕುವ ನೆವದಲ್ಲಿ ಅಲ್ಲೇ ನಿಂತುಬಿಟ್ಟ. ಹಂದಿ ಸಿಪ್ಪೆ ತಿಂದು ಮುಗಿಸಿ, ಇನ್ನೂ ಇದೆಯೇನೋ ಎಂದು ಇವನ ಮುಖ ನೋಡಿತು. ಹಂದಿಗೆ ಮುಖ ಕೊಡುವುದಕ್ಕೂ ಇವನಿಗೆ ಧೈರ್ಯವಿರಲಿಲ್ಲ.

ತಪ್ಪು ಅವಳದಲ್ಲ, ಇವನದು. ಆ ಸಂಗತಿ ಊರಿನಲ್ಲಿ ಇವನೊಬ್ಬನಿಗೇ ಗೊತ್ತಿತ್ತು.

ಹಿಲ್ಡಾ ಇವನ ಸತ್ತ ತಂಗಿ ಮೇಬಲ್‌ಳ ಮಗಳು. ಗ್ವಾಡಲ್ಕನಾಲ್‌ನ ನಮ್ಮ ಬೆಟ್ಟಗಳಲ್ಲಿ ತಾಯಿಯ ಬಳಿಯೇ, ಅಂದರೆ ಕುಲವೇ, ಮಕ್ಕಳ ಬಳಿ. ತಾಯಿ ಹೋದ ಮೇಲೆ ಸೋದರಮಾವನೇ ದಿಕ್ಕು. ಹಸುಗೂಸನ್ನು ನಾರಿನ ಚೀಲದಲ್ಲಿ ಹಾಕಿಕೊಂಡು ತೋಟಕ್ಕೆ ಹೋದವನು ಇವನು, ಗೆಣಸು ಅಗಿದು ಮೆತ್ತಗೆ ಮಾಡಿ ಅದರ ಬಾಯಿಗಿಟ್ಟವನು ಇವನು. ಯಾರಾದರೂ ಇವನ ಮದುವೆಯ ಮಾತೆತ್ತಿದರೆ ಮಗು ದೊಡ್ಡದಾಗಲಿ ಎನ್ನುತ್ತಿದ್ದ. ಮಗು ದೊಡ್ಡದಾಗುವಷ್ಟರಲ್ಲಿ ಇವನ ತಲೆ ನರೆತು, ಹೆಣ್ಣು ಕೊಡುವವರೇ ಇರಲಿಲ್ಲ. ಅದಕ್ಕಾಗಿ ಇವನೇನೂ ಕೊರಗಿದವನಲ್ಲ.

ಹೀಗಿರುವಾಗ ದಕ್ಷಿಣ ಕರಾವಳಿಯ ಪ್ಯಾಟಸನ್ ಎಂಬ ಹುಡುಗ ಹಿಲ್ಡಾಳನ್ನು ಕೇಳಿದ. ಅವನ ಅಪ್ಪ ಅಬ್ರಾಮ ತನ್ನ ಜನರನ್ನು ಕಟ್ಟಿಕೊಂಡು ಹಂದಿ, ಗೆಡ್ಡೆ, ಚಿಪ್ಪಿನ ಸರಗಳನ್ನೆಲ್ಲ ಹೊತ್ತು ಬೆಟ್ಟ ಹತ್ತಿ ಬಂದು ಅಂಗಳದಲ್ಲಿ ರಾಶಿ ಹಾಕಿದ. ಹುಡುಗಿ ಒಪ್ಪಿದಳು, ಹಿರಿಯರು ಒಪ್ಪಿದರು, ಟೊವಾಲಾನೂ ತಲೆಯಾಡಿಸಿದ. ಅವರು ತಂದ ಹಂದಿಯನ್ನು ತಿಂದ ಬಾಯಲ್ಲೇ ಇಲ್ಲ ಅನ್ನಲಾದೀತೇ? ಆದರೆ ಆ ಕರಾವಳಿಯ ಸಮುದ್ರ ಎಂಥದೆಂದು ಇವನಿಗೆ ಗೊತ್ತಿತ್ತು. ದಡದ ಅಲೆ ದಾಟುವಾಗ ದೋಣಿ ಮಗುಚಿ ಮೇಬಲ್ ಹೋದದ್ದು ಅಲ್ಲೇ. ಹಿಲ್ಡಾ ಆ ಮನೆ ಸೇರಿದರೆ ಸಂತೆಗೆ ಹೋಗಲಿ, ಹೆರಿಗೆಗೆ ಹೋಗಲಿ, ಅದೇ ಅಲೆ ದಾಟಿಯೇ ಹೋಗಬೇಕು. ಇದು ಒಂದು ಭಯ. ಇನ್ನೊಂದನ್ನು ಬಿಡಿಸಿ ಹೇಳುವುದೇನು, ಅವಳಿಲ್ಲದ ಮನೆಯಲ್ಲಿ ಒಲೆ ಹಚ್ಚುವುದು ಯಾರಿಗಾಗಿ ಎಂಬುದು.

ಇನ್ನು ಬಾರಿಕುಕು ಎಂಬ ಹಕ್ಕಿಯ ವಿಷಯ. ಅದು ಜಾತಿಯಲ್ಲಿ ಮಿಂಚುಳ್ಳಿಯೇ, ಆದರೆ ನೀರಿಗೆ ಎರಗುವುದಿಲ್ಲ, ಮೀನು ಮೂಸುವುದಿಲ್ಲ. ಮೋಡ ಇಳಿಯುವ ಎತ್ತರದ ಕಾಡಿನಲ್ಲಿ ಪಾಚಿ ಹಿಡಿದ ಕೊಂಬೆಯ ಮೇಲೆ ಅಲ್ಲಾಡದೆ ಕೂತು, ನೆಲದ ಮೇಲಿನ ಕಪ್ಪೆ ಹುಳು ಹಿಡಿದು ತಿನ್ನುವ ಪ್ರಾಣಿ. ಈ ದ್ವೀಪ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇಲ್ಲವಂತೆ. ಇಲ್ಲಿಯೂ ಕಂಡವರು ಕಡಿಮೆ, ಕೇಳಿದವರೇ ಹೆಚ್ಚು. ಅದು ಬಳಿಯ ಮೂಲಜ್ಜಿಯ ದನಿ ಎಂದು ಹಿರಿಯರು ನಂಬಿದ್ದರು. ಊರು ಬಿಟ್ಟು ಹೊರಟವರು ಕೆಳಗಿನ ಹೊಳೆ ದಾಟುವ ಮೊದಲು ಅದು ಕೂಗಿದರೆ ಹೊರೆ ಇಳಿಸಿ ಮನೆಗೆ ಮರಳಬೇಕು, ಹೊಸ ಚಂದ್ರ ಕಾಣುವ ತನಕ ಆ ಪ್ರಯಾಣದ ಮಾತೆತ್ತಬಾರದು. ಹೊಳೆ ದಾಟಿದ ಮೇಲೆ ಎಷ್ಟು ಕೂಗಿದರೂ ಲೆಕ್ಕಕ್ಕಿಲ್ಲ. ಇನ್ನೊಂದು ಕಟ್ಟೂ ಇತ್ತು, ಅದರ ದನಿಯನ್ನು ಯಾರೂ ಅಣಕಿಸಬಾರದು. ಟೊವಾಲಾ ಹುಡುಗನಾಗಿದ್ದಾಗ ಒಮ್ಮೆ ತೋಟದಲ್ಲಿ ಅಂಗೈಗಳನ್ನು ಬಾಯಿಗೊಡ್ಡಿ ಹಾಗೇ ಕೂಗಿದ್ದ. ಸೆಕೋವಾ ಎಂಬ ಅವನ ದೊಡ್ಡಮ್ಮ ಕೆಸುವಿನ ದಂಟಿನಿಂದ ಬಾಯಿಗೇ ಬಾರಿಸಿದ್ದಳು. ಈಗ ಅವಳು ಹಣ್ಣು ಹಣ್ಣು ಮುದುಕಿ, ಬಳಿಗೆಲ್ಲ ದೊಡ್ಡಜ್ಜಿ. ಪೆಟ್ಟು ತಿಂದವನಿಗೆ ಅದು ನೆನಪಿತ್ತು, ಕೊಟ್ಟವಳು ಮರೆತಿರಬೇಕು ಅಂದುಕೊಂಡಿದ್ದ.

ಮೇಬಲ್ ಹೊರಟ ದಿನ ಬೆಳಗ್ಗೆ ಹಕ್ಕಿ ಕೂಗಿರಲಿಲ್ಲ. ಅಂಥಾ ದಿನ ಬಾಯಿ ಮುಚ್ಚಿಕೊಂಡಿದ್ದ ಹಕ್ಕಿ ಇನ್ಯಾವತ್ತು ಕೂಗಿದರೇನು ಎಂದು ಟೊವಾಲಾ ಅವತ್ತೇ ಅದರ ಮೇಲಿನ ನಂಬಿಕೆ ತೊಳೆದುಕೊಂಡಿದ್ದ. ಆಮೇಲೆ ವರ್ಷಗಟ್ಟಲೆ ಯಾರಿಗೂ ಅದರ ದನಿ ಕೇಳಿಸಲಿಲ್ಲ. ಈ ಬೆಟ್ಟ ಬಿಟ್ಟು ಹೋಯಿತು, ಮೂಲಜ್ಜಿ ನಮ್ಮನ್ನು ಬಿಟ್ಟಳು ಎಂದು ಮುದುಕರು ಹಲುಬುತ್ತಿದ್ದರು.

ಮದುವೆಯಾಗಿ ಹೋಗುವವಳ ಮುಂದೆ ಸೋದರಮಾವ ದಾರಿ ಬಿಡಿಸಬೇಕು. ಬೆಳಕು ಹರಿಯುವ ಮುಂಚೆ ಒಬ್ಬನೇ ಕತ್ತಿ ಹಿಡಿದು ಹೊರಟು, ಅಡ್ಡ ಬಿದ್ದ ಕೊಂಬೆ ಬಳ್ಳಿಗಳನ್ನು ಸವರುತ್ತ ಹೋದರೆ ಉಳಿದವರು ಹೊರೆ ಹೊತ್ತು ಹಿಂದೆ ಬರುತ್ತಾರೆ. ಹೋದ ತಿಂಗಳು ಹಿಲ್ಡಾ ಹೊರಟ ದಿನ ಹಾಗೆ ಮುಂದೆ ಹೋದ ಟೊವಾಲಾ, ಬೆಟ್ಟದ ನೆತ್ತಿಯ ಏಣಿನ ಮೇಲಿನ ಮರಜರಿಗಿಡಗಳ ಹತ್ತಿರ ನಿಂತ. ಕೆಳಗೆ ಹಿಲ್ಡಾಳ ನಗು ಕೇಳಿಸಿತು. ಏನೋ ಹೇಳಿ ಎಲ್ಲರನ್ನೂ ನಗಿಸುತ್ತ ಬರುತ್ತಿದ್ದಳು. ಅಷ್ಟೇ ಸಾಕಾಯಿತೋ ಏನೋ, ಅವನ ಕೈ ತಾನಾಗಿ ಬಾಯಿಗೆ ಹೋಯಿತು. ಕೊ, ಕೊ, ಕೊ ಎಂದು ಗಂಟಲಿನಿಂದ ಎತ್ತಿ, ಕೊನೆಗೆ ಎಳೆದು ಬಿಟ್ಟ. ಒಂದೇ ಒಂದು ತಿಂಗಳು ಇರಲಿ, ಆಮೇಲೆ ಹೋಗಲಿ ಎಂದಷ್ಟೇ ಅವನು ಬಯಸಿದ್ದು.

ನಗು ನಿಂತಿತು. ಅವನು ಇಳಿದು ಬರುವಷ್ಟರಲ್ಲಿ ಹೊರೆಗಳು ನೆಲದ ಮೇಲಿದ್ದವು. ಮುದುಕರು ಅಳುತ್ತಿದ್ದರು, ಅದೂ ಸಂತೋಷಕ್ಕೆ, ಮೂಲಜ್ಜಿ ನಮ್ಮನ್ನು ಬಿಟ್ಟಿಲ್ಲ ಎಂದು. ಆ ಕಣ್ಣೀರು ನೋಡಿದ ಮೇಲೆ ನಿಜ ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ. ಸುಳ್ಳು ಅಲ್ಲಿಗೇ ಗಟ್ಟಿಯಾಯಿತು.

ಅತ್ತ ಕರಾವಳಿಯಲ್ಲಿ ಗಂಡಿನವರು ಬಿಸಿ ಕಲ್ಲಿನ ಕುಣಿಯಲ್ಲಿ ಊರಿಗೆಲ್ಲ ಅಡುಗೆ ಮಾಡಿ ಸಂಜೆಯವರೆಗೆ ದಾರಿ ಕಾದು, ಕೊನೆಗೆ ನಾಯಿಗಳಿಗೆ ಸುರಿದರಂತೆ. ಬೆಟ್ಟದವರು ನಮ್ಮನ್ನು ಆಡಿಸುತ್ತಿದ್ದಾರೆ, ಹಕ್ಕಿಯ ಹೆಸರು ಬೇರೆ ಹೇಳುತ್ತಾರೆ ಎಂದು ಅಬ್ರಾಮ ಕೂಗಾಡಿದನೆಂದು ಸುದ್ದಿ ಬಂತು. ಅದನ್ನಾದರೂ ಟೊವಾಲಾ ತಡೆದುಕೊಂಡ. ತಡೆಯಲಾಗದ್ದು ಹಿಲ್ಡಾ ಪಟ್ಟ ಪಾಡು. ಮೂಲಜ್ಜಿ ತನ್ನ ದಾರಿ ಕಟ್ಟಿದ್ದಾಳೆಂದರೆ ತನ್ನಲ್ಲಿ ಏನೋ ಐಬಿದೆ ಎಂದು ಅವಳು ತನ್ನನ್ನೇ ಕೆದಕಿಕೊಳ್ಳಲು ಶುರುಮಾಡಿದಳು. ಯಾವಾಗಲೋ ಚಿಕ್ಕವಳಿದ್ದಾಗ ಬೇರೆಯವರ ತೋಟದ ಕಬ್ಬು ಮುರಿದದ್ದು, ದೊಡ್ಡಜ್ಜಿಗೆ ಎದುರು ಮಾತಾಡಿದ್ದು, ಪ್ರಾರ್ಥನೆಯ ನಡುವೆ ಪ್ಯಾಟಸನ್‌ನನ್ನು ನೆನೆದದ್ದು, ಎಲ್ಲವನ್ನೂ ಒಂದೊಂದಾಗಿ ಹೋಗಿ ಒಪ್ಪಿಕೊಂಡು ಬಂದಳು. ಯಾವುದರಿಂದಲೂ ಮನಸ್ಸು ಹಗುರವಾಗಲಿಲ್ಲ. ಕೊನೆಗೆ ಏಣಿನ ಮೇಲಿನ ಮೂಲಜ್ಜಿಯ ಕಲ್ಲಿಗೆ ಹೋಗಿ, ಕೊರಳಲ್ಲಿದ್ದ ಚಿಪ್ಪಿನ ಸರ ತೆಗೆದು ಅದರ ಮೇಲಿಟ್ಟು ಬಂದಳು. ಅದು ಮೇಬಲ್‌ಳ ಸರ. ತಾಯಿಯದು ಎನ್ನುವುದಕ್ಕೆ ಅವಳ ಹತ್ತಿರ ಬೇರೇನೂ ಇರಲಿಲ್ಲ.

ಬರಿಗೊರಳು ಕಂಡ ದಿನ ಟೊವಾಲಾ, ಇವತ್ತು ಹೇಳಿಬಿಡುತ್ತೇನೆ ಎಂದು ಒಲೆಯ ಮುಂದೆ ಕೂತ. ಹಿಲ್ಡಾ ಅವನ ತಟ್ಟೆಗೆ ದೊಡ್ಡ ಗೆಡ್ಡೆಯನ್ನೇ ಹಾಕಿ, "ಹಕ್ಕಿ ತಡೆದಿದ್ದೂ ಒಳ್ಳೇದಾಯ್ತೇನೋ ಮಾಮಾ. ನಿನ್ನೊಬ್ಬನ್ನೇ ಬಿಟ್ಟು ಹೊರಟಿದ್ನಲ್ಲ, ಅದಕ್ಕೇ ಅಜ್ಜಿಗೆ ಸಿಟ್ಟು ಬಂದಿರ್ಬೇಕು" ಎಂದಳು. ಇವನು ಗೆಡ್ಡೆ ತಿಂದ. ಥೂ, ನಿನ್ನ ಜನ್ಮಕ್ಕಿಷ್ಟು ಎಂದು ತನ್ನನ್ನೇ ಬೈದುಕೊಳ್ಳುತ್ತ ಪೂರ್ತಿ ತಿಂದ.

ಅದರ ಬೆನ್ನಿಗೇ ಪ್ಯಾಟಸನ್ ಒಬ್ಬನೇ ಬೆಟ್ಟ ಹತ್ತಿ ಬಂದ. ಅಪ್ಪನ ಮಾತು ಮೀರಿ ಬಂದಿದ್ದ. ಜಗಳ ತೆಗೆಯುತ್ತಾನೆ, ತಾನೂ ನಾಲ್ಕು ಮಾತಾಡಿ ಹಗುರಾಗಬಹುದು ಎಂದು ಟೊವಾಲಾ ಕಾದ. ಹುಡುಗ ಹೊಗೆಯಲ್ಲಿ ಒಣಗಿಸಿದ ಮೀನಿನ ಗಂಟು ಮೆಟ್ಟಿಲ ಮೇಲಿಟ್ಟು, ಕೇಳುವ ಮೊದಲೇ ಕೊಡಲಿ ತೆಗೆದುಕೊಂಡು ಸೌದೆ ಒಡೆಯತೊಡಗಿದ.

"ಹಕ್ಕಿಗೂ ಒಂದು ಮೀನು ತಂದಿದ್ದೀನಿ ಮಾವ. ನನ್ನ ಮೇಲೇನೋ ಮುನಿಸಿರೋ ಹಾಗಿದೆ" ಎಂದ.

"ಅದು ಮೀನು ತಿನ್ನಲ್ಲ" ಎಂದ ಟೊವಾಲಾ.

"ಮಿಂಚುಳ್ಳಿ ಅಂತೀರಾ, ಮೀನು ತಿನ್ನಲ್ಲ ಅಂತೀರಾ. ಅದಕ್ಕೇ ನಮ್ಮ ಕಡೆಯವರನ್ನ ಕಂಡ್ರೆ ಆಗಲ್ಲ ಅದಕ್ಕೆ" ಎಂದು ಹುಡುಗ ನಕ್ಕ. ಹಿಲ್ಡಾಳೂ ನಕ್ಕಳು, ಎಷ್ಟೋ ದಿನದ ಮೇಲೆ. ಆ ನಗುವಿನಿಂದ ಟೊವಾಲಾಗೆ ಬಿದ್ದ ಪೆಟ್ಟು ಕೊಡಲಿಯಿಂದಲೂ ಬೀಳುತ್ತಿರಲಿಲ್ಲ. ಒಳ್ಳೆಯ ಹುಡುಗ, ಕೆಟ್ಟವನಾದರೂ ಆಗಿರಬಾರದಿತ್ತೇ ಎನಿಸಿತು.

ಹೊಸ ಚಂದ್ರ ಕಂಡ ಮೇಲೆ ಅಬ್ರಾಮ ತಾನೇ ಜನರೊಂದಿಗೆ ಬಂದ. ಈ ಸಲ ದಾರಿ ಕಾಯುವುದಿಲ್ಲ, ಹುಡುಗಿಯನ್ನು ಜೊತೆಗೇ ಕರೆದುಕೊಂಡು ಹೋಗುತ್ತೇವೆ ಎಂದ. ಈ ಸಲವೂ ಹಕ್ಕಿ ಕೂಗಿದರೆ ಮಾತು ಮುರಿಯಿತು, ಮಗನಿಗೆ ಬೇರೆ ಕಡೆ ನೋಡುತ್ತೇನೆ ಎಂದು ಅಂಗಳದಲ್ಲಿ ಎಲ್ಲರ ಮುಂದೆ ಹೇಳಿದ. ಹಿರಿಯರು ಹೌದೆಂದರು. ಹಿಲ್ಡಾ ತಲೆ ತಗ್ಗಿಸಿ ಕೊರಳು ತಡವಿಕೊಂಡಳು.

ಮರುದಿನ ನಸುಕಿನಲ್ಲಿ ಟೊವಾಲಾ ಮತ್ತೆ ಕತ್ತಿ ಹಿಡಿದು ಮುಂದೆ ಹೊರಟ. ಈ ಸಲ ಬಾಯಿ ಬಿಡುವುದಿಲ್ಲ ಎಂದು ಆಣೆ ಹಾಕಿಕೊಂಡಿದ್ದ. ಮೂಲಜ್ಜಿಯ ಕಲ್ಲಿನ ಹತ್ತಿರ ನಿಂತು, ಮೇಲಿದ್ದ ಸರ ತೆಗೆದುಕೊಂಡ. ಅಲ್ಲಿಟ್ಟದ್ದನ್ನು ಮುಟ್ಟಬಾರದು. ಇಷ್ಟೆಲ್ಲ ಮಾಡಿದವನಿಗೆ ಅದೊಂದು ಹೆಚ್ಚೇ? ಹೊಳೆಯ ಹತ್ತಿರ ಗಲಾಟೆಯಲ್ಲಿ ಅವಳ ಬುಟ್ಟಿಗೆ ಸದ್ದಿಲ್ಲದೆ ಹಾಕಿಬಿಟ್ಟರೆ, ಮುಂದೆ ಯಾವತ್ತೋ ನೋಡಿಕೊಂಡು ಮೂಲಜ್ಜಿಯೇ ಮರಳಿಸಿದಳು ಅಂದುಕೊಳ್ಳಲಿ ಎಂಬುದು ಅವನ ಲೆಕ್ಕ. ಹೇಡಿಯ ಲೆಕ್ಕ. ಸರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ನಡೆದ.

ಮರಜರಿಗಿಡಗಳ ಹತ್ತಿರ ಬಂದಾಗ ಪಕ್ಕದಲ್ಲೇ ಯಾರೋ ಗಂಟಲು ಸರಿಮಾಡಿಕೊಂಡ ಹಾಗಾಯಿತು.

ತಿರುಗಿ ನೋಡಿದ. ಕೈಗೆ ಸಿಗುವಷ್ಟು ಹತ್ತಿರದ ಕೊಂಬೆಯಲ್ಲಿ ಅದು ಕೂತಿತ್ತು. ಸುಟ್ಟ ಇಟ್ಟಿಗೆಯ ಬಣ್ಣದ ತಲೆ, ಕಡು ನೀಲಿ ಬೆನ್ನು, ಕೊಕ್ಕಿನ ಬುಡದಿಂದ ಕೆನ್ನೆಯುದ್ದಕ್ಕೂ ನೀಲಿ ಬಿಳಿ ಮೀಸೆ. ಅಷ್ಟು ವರ್ಷ ಅದರ ಹೆಸರು ಕೇಳುತ್ತಲೇ ಬದುಕಿದ ಟೊವಾಲಾ ಅದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಹಕ್ಕಿ ಅವನನ್ನು ನೋಡುತ್ತಲೇ ಕೂಗಿತು. ಕೊ, ಕೊ, ಕೊ, ಕೊಕೊಕೊ ಎಂದು ಏರಿ, ಕೊನೆಗೆ ಎಳೆದ ದನಿ ಕಣಿವೆಗೆಲ್ಲ ಹರಡಿತು.

ನಂಬುವುದಿಲ್ಲ ಅಂದುಕೊಂಡಿದ್ದೆಲ್ಲ ಎಲ್ಲಿ ಹೋಯಿತೋ. ಮೂಲಜ್ಜಿ ಬಂದಿದ್ದಾಳೆ, ನಿಜವಾಗಿ ಬಂದಿದ್ದಾಳೆ, ಈ ಹುಡುಗಿಯನ್ನು ಕಳಿಸಬೇಡ ಎನ್ನುತ್ತಿದ್ದಾಳೆ. ಕೆಳಗೆ ಹೆಜ್ಜೆಗಳು ನಿಂತವು, ಹೊರೆಯೊಂದು ನೆಲಕ್ಕೆ ಬಿದ್ದ ಸದ್ದಾಯಿತು. ಸುಮ್ಮನಿದ್ದರೆ ಸಾಕು, ಹಿಲ್ಡಾ ಸಾಯುವ ತನಕ ತನ್ನ ಮನೆಯಲ್ಲೇ ಇರುತ್ತಾಳೆ. ಈ ಸಲ ಅವನ ತಪ್ಪೂ ಇರುವುದಿಲ್ಲ. ಆದರೆ ಹೋದ ತಿಂಗಳ ಸುಳ್ಳು ಇಲ್ಲದಿದ್ದರೆ ಅವಳು ಇಷ್ಟು ಹೊತ್ತಿಗೆ ಅಲ್ಲಿ ಹೆಂಡತಿಯಾಗಿರುತ್ತಿದ್ದಳು, ಈ ಕೂಗು ಯಾರಿಗೂ ತಗಲುತ್ತಿರಲಿಲ್ಲ. ಇವತ್ತು ತಿರುಗಿದರೆ ಹುಡುಗ ಕೈತಪ್ಪುತ್ತಾನೆ, ಇವಳು ಮುದುಕಿಯಾಗುವ ತನಕ ತನ್ನ ಐಬು ಹುಡುಕುತ್ತ ಗೆಡ್ಡೆ ಹೆರೆಯುತ್ತಾಳೆ. ತಾನು ಎದುರಿಗೆ ಕೂತು ಅಡಿಕೆ ಅಗಿಯಬೇಕು.

ಓಡಿದ. ಜಾರಿ ಬಿದ್ದು ಮಂಡಿ ತರಚಿಕೊಂಡು ಮತ್ತೆ ಎದ್ದು ಓಡಿದ.

"ಹೊರೆ ಇಳಿಸ್ಬೇಡಿ. ಅದು ಹಕ್ಕಿ ಅಲ್ಲ, ನಾನು."

ಯಾರಿಗೂ ಅರ್ಥವಾಗಲಿಲ್ಲ. ಎಲ್ಲರೂ ಅವನ ರಕ್ತದ ಮಂಡಿ ನೋಡಿದರು.

"ಕೂಗಿದ್ದು ನಾನು. ಈಗ್ಲೂ ನಾನೇ, ಹೋದ ಸಲವೂ ನಾನೇ" ಎಂದ. ಅದರಲ್ಲಿ ಅರ್ಧ ನಿಜವಿತ್ತು.

ಗಂಡಿನ ಕಡೆಯ ಒಬ್ಬ ಬಾಯಲ್ಲಿದ್ದ ಅಡಿಕೆ ಉಗಿದು, "ಇಷ್ಟು ದಪ್ಪ ಹಕ್ಕೀನ ನಾನಂತೂ ನೋಡಿರ್ಲಿಲ್ಲ" ಎಂದ. ಒಬ್ಬಿಬ್ಬರು ನಕ್ಕು, ಅಬ್ರಾಮನ ಮುಖ ನೋಡಿ ನಿಲ್ಲಿಸಿದರು. ಬಳಿಯ ಮುದುಕರು ಇದು ಸುಳ್ಳು, ಅಂಥ ದನಿ ಮನುಷ್ಯರ ಗಂಟಲಿಂದ ಬರುವುದಿಲ್ಲ ಎಂದು ಗಲಾಟೆ ಎಬ್ಬಿಸಿದರು. ಕೋಲೂರಿಕೊಂಡು ಹಿಂದೆ ಬರುತ್ತಿದ್ದ ದೊಡ್ಡಜ್ಜಿ ಸೆಕೋವಾ ಅವರನ್ನೆಲ್ಲ ಸರಿಸಿ ಮುಂದೆ ಬಂದಳು.

"ಹಾಗಾದ್ರೆ ಕೂಗು, ಕೇಳೋಣ" ಎಂದಳು.

ಟೊವಾಲಾ ಅಂಗೈಗಳನ್ನು ಬಾಯಿಗೊಡ್ಡಿದ. ಮೇಲಿನಿಂದ ಅದು ಮರುದನಿ ಕೊಟ್ಟರೆ ಎಲ್ಲ ಮುಗಿಯಿತು. ಬಾಯಿ ಮುಚ್ಚಿಕೊಂಡಿರು ತಾಯಿ ಎಂದು ಮನಸ್ಸಿನಲ್ಲೇ ಬೇಡಿಕೊಂಡು ಕೂಗಿದ. ದನಿ ಚೂರೂ ತಪ್ಪಲಿಲ್ಲ. ಕಾಡು ಸುಮ್ಮನಿತ್ತು. ಹೋದ ತಿಂಗಳು ಸಂತೋಷಕ್ಕೆ ಅತ್ತಿದ್ದ ಮುದುಕನೊಬ್ಬ ಮುಖ ಮುಚ್ಚಿಕೊಂಡು ಕಲ್ಲಿನ ಮೇಲೆ ಕೂತುಬಿಟ್ಟ.

"ಯಾಕೆ ಮಾಮಾ?" ಎಂದಳು ಹಿಲ್ಡಾ.

ಸಮುದ್ರ ಎನ್ನಬಹುದಿತ್ತು, ನಿನ್ನ ತಾಯಿ ಎನ್ನಬಹುದಿತ್ತು. ಅವನು ಸೊಂಟದಿಂದ ಸರ ತೆಗೆದು ಅವಳ ಮುಂದೆ ಹಿಡಿದ. "ನಿನ್ನನ್ನ ಬಿಟ್ಟಿರೋಕಾಗಲ್ಲ ಅನ್ನಿಸ್ತು. ಅಷ್ಟೇ."

ಅವಳು ಸರ ತೆಗೆದುಕೊಂಡಳು, ಆದರೆ ಕೊರಳಿಗೆ ಹಾಕಿಕೊಳ್ಳಲಿಲ್ಲ, ಮುಷ್ಟಿಗೆ ಸುತ್ತಿಕೊಂಡಳು. "ಒಂದು ತಿಂಗಳು ನನ್ನನ್ನ ನಾನೇ ಬೈಕೊಂಡೆ. ನೀನು ಎದುರಿಗೆ ಕೂತು ನಾನು ಬೇಯ್ಸಿದ್ದು ತಿಂತಿದ್ದೆ" ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

ಅಬ್ರಾಮ ಬಂದು ಟೊವಾಲಾನ ಕೈಯಿಂದ ಕತ್ತಿ ಕಿತ್ತುಕೊಂಡು ಮಗನ ಕೈಗೆ ಕೊಟ್ಟ. ಇನ್ನು ನಮ್ಮ ದಾರಿ ನಾವೇ ಬಿಡಿಸಿಕೊಳ್ಳುತ್ತೇವೆ ಎಂದ. ಸೋದರಮಾವನಿಗೆ ಅದಕ್ಕಿಂತ ದೊಡ್ಡ ಅವಮಾನ ನಮ್ಮಲ್ಲಿಲ್ಲ. ಪ್ಯಾಟಸನ್ ಕತ್ತಿ ಹಿಡಿದು ಇವನ ಮುಖ ನೋಡಲಾರದೆ ಮುಂದೆ ಹೋದ. ಹೊರೆಗಳು ಎದ್ದವು, ಒಬ್ಬೊಬ್ಬರಾಗಿ ಇವನನ್ನು ದಾಟಿದರು. ಹಿಲ್ಡಾಳೂ ದಾಟಿದಳು. ಹೋಗಿಬರುತ್ತೇನೆ ಎನ್ನಲಿಲ್ಲ.

ಇವನೂ ಎಲ್ಲರ ಹಿಂದೆ ಏಣಿನ ತುದಿಯವರೆಗೆ ಹೋಗಿ ನಿಂತ. ದೊಡ್ಡಜ್ಜಿಗೆ ಅಲ್ಲಿಂದ ಮುಂದಿನ ಇಳಿಜಾರು ಇಳಿಯುವ ಶಕ್ತಿ ಇರಲಿಲ್ಲ, ಅವಳೂ ಪಕ್ಕದಲ್ಲೇ ಉಳಿದಳು. ಬೆಳಕು ಚೆನ್ನಾಗಿ ಹರಿದು ಕೆಳಗೆ ಹೊಳೆ ಕಾಣುತ್ತಿತ್ತು. ಪ್ಯಾಟಸನ್ ಮೊದಲು ದಾಟಿದ, ಅಬ್ರಾಮ ದಾಟಿದ. ಹಿಲ್ಡಾ ಬುಟ್ಟಿ ಹೊತ್ತು ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಹೊಳೆಯ ನಡುವೆ ಬಂದಿದ್ದಳು.

ಆಗ ಇವರ ಹಿಂದಿನ ಕೊಂಬೆಯಿಂದ ಹಕ್ಕಿ ಕೂಗಿತು.

ದೊಡ್ಡಜ್ಜಿ ತಿರುಗಿ ಟೊವಾಲಾನನ್ನು ನೋಡಿದಳು. ಅವನ ಬಾಯಿ ಮುಚ್ಚಿತ್ತು, ಕೈಗಳು ಜೋತುಬಿದ್ದಿದ್ದವು. ಅವಳಿಗೆ ಎಲ್ಲವೂ ತಿಳಿಯಿತು. ಕೆಳಗೆ ಹಿಲ್ಡಾ ಕಲ್ಲಿನ ಮೇಲೆ ನಿಂತು ಏಣಿನ ಕಡೆ ಕತ್ತೆತ್ತಿದ್ದಳು. ದೊಡ್ಡಜ್ಜಿ ಒಂದು ಮಾತು ಕೂಗಿ ಹೇಳಿದ್ದರೆ ಸಾಕಿತ್ತು, ಅವಳ ಮಾತನ್ನು ಎಲ್ಲರೂ ನಂಬುತ್ತಿದ್ದರು. ಟೊವಾಲಾ ಅವಳ ತುಟಿಯನ್ನೇ ನೋಡುತ್ತ ನಿಂತ. ತಿರುಗಿ ಬಾ ಎನ್ನಲಿ ಎಂದು ಬಯಸಿದನೋ, ಅನ್ನದಿರಲಿ ಎಂದು ಬಯಸಿದನೋ, ಅವನಿಗೇ ಗೊತ್ತಾಗಲಿಲ್ಲ.

"ಕೈ ಎತ್ತೋ" ಎಂದಳು ಮುದುಕಿ.

"ದೊಡ್ಡಮ್ಮಾ, ಅದು ನಿಜವಾಗ್ಲೂ..."

"ನಂಗೂ ಕಿವಿ ಇದೆ ಕಣೋ. ಅವಳು ನೋಡ್ತಿದ್ದಾಳೆ, ಕೈ ಎತ್ತಿ ಬಾಯಿಗಿಡು. ಅವತ್ತು ಏಟು ತಿಂದ್ಯಲ್ಲ, ಹಾಗೆ."

ಟೊವಾಲಾ ಅಂಗೈಗಳನ್ನು ಬಾಯಿಗೊಡ್ಡಿದ. ಹಕ್ಕಿ ಇನ್ನೊಮ್ಮೆ ಕೂಗಿತು. ಈಗಲೂ ಬಿಡಲೊಲ್ಲನಲ್ಲ ಈ ಮುದುಕ ಎಂದು ಹಿಲ್ಡಾಳಿಗೆ ಅನ್ನಿಸಿರಬೇಕು. ಅಷ್ಟು ದೂರದಿಂದಲೂ ಅವಳ ಭುಜ ಬಿಗಿದದ್ದು ಕಂಡಿತು. ಅವಳು ಮುಖ ತಿರುಗಿಸಿ ಮುಂದಿನ ಕಲ್ಲಿಗೆ ಕಾಲಿಟ್ಟಳು, ಅದರ ಮುಂದಿನದಕ್ಕೆ ಇಟ್ಟಳು. ಆಚೆ ದಡದಿಂದ ಪ್ಯಾಟಸನ್ ಕೈ ಚಾಚಿ ಅವಳನ್ನು ಮೇಲಕ್ಕೆ ಎಳೆದುಕೊಂಡ.

"ದಾಟಿದ್ಲು. ಇನ್ನು ಅದು ಕೂಗಿದ್ರೂ ಲೆಕ್ಕಕ್ಕಿಲ್ಲ" ಎಂದಳು ದೊಡ್ಡಜ್ಜಿ. ಹೇಳಿದ ದನಿಯಲ್ಲಿ ನಂಬಿಕೆ ಇರಲಿಲ್ಲ. ಕೋಲೂರಿಕೊಂಡು ಮೆಲ್ಲಗೆ ಊರಿನ ಕಡೆ ತಿರುಗಿದಳು.

ಟೊವಾಲಾ ಅಲ್ಲೇ ನಿಂತ. ಮೂಲಜ್ಜಿ ಕಳಿಸಬೇಡ ಎಂದದ್ದನ್ನು ಕೇಳಿಯೂ, ಅದೇ ಸಮುದ್ರಕ್ಕೆ, ತನ್ನ ಕೈಯಾರೆ ಕಳಿಸಿದ್ದ. ಹಕ್ಕಿ ಕೂಗುತ್ತಲೇ ಇತ್ತು. ಬಾಯಿಗೊಡ್ಡಿದ ಅಂಗೈಗಳು ಒದ್ದೆಯಾಗಿದ್ದವು, ಆದರೂ ಅವನು ಇಳಿಸಲಿಲ್ಲ. ಹಿಲ್ಡಾ ಇನ್ನೊಮ್ಮೆ ತಿರುಗಿ ನೋಡಿದರೆ ಹಾಗೇ ಕಾಣಬೇಕಿತ್ತು.

ಅವಳು ತಿರುಗಿ ನೋಡಲಿಲ್ಲ.